ಮೊದಲ ಪತ್ರಿಕೆ ಯಾರಿಗೆ

ಪ್ರಥಮ ಪಿಯುಸಿಯ ಗಣಿತದಲ್ಲಿ ‘ಕ್ರಮಯೋಜನೆ’ ಎಂಬ ಒಂದು ಪಾಠವಿದೆ. ಈಚೆಗೆ ನಾನು ಆ ಪಾಠವನ್ನು ತುಸು ಅವಸರದಲ್ಲಿ ಮುಗಿಸುತ್ತೇನೆ. ಇಂಡಿ ಊರಿನ ನಮ್ಮ ಕಾಲೇಜಿನ ಮಕ್ಕಳು ಇದನ್ನು ಗಮನಿಸಿದಂತಿಲ್ಲ. ಗಮನಿಸಿದರೂ ಅವರು ದೂರು ಹೇಳುವವರಲ್ಲ. ಗಣಿತದ ಪಾಠ ಬೇಗ ಮುಗಿಯಿತೆಂದು ಅಳುತ್ತ ಪ್ರಾಚಾರ್ಯರ ಕೋಣೆಗೆ ಹೋದವರನ್ನು ನಾನಂತೂ ಕಂಡಿಲ್ಲ.

ಮೊದಲು ನಾನು ಹೀಗಿರಲಿಲ್ಲ. ಅದು ನನಗೆ ಅತ್ಯಂತ ಪ್ರೀತಿಯ ಪಾಠವಾಗಿತ್ತು. ಐದು ಮಂದಿಯನ್ನು ಸಾಲಾಗಿ ಕೂರಿಸಲು ಎಷ್ಟು ಬಗೆ? ನೂರಾ ಇಪ್ಪತ್ತು. ಆ ಐವರಲ್ಲಿ ಬಸವರಾಜ ಯಾವಾಗಲೂ ಮಹಾದೇವಿಗಿಂತ ಮುಂದೆಯೇ ಇರಬೇಕು ಎಂದರೆ? ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಒಂದಿಬ್ಬರು ಎಲ್ಲ ಸಾಲುಗಳನ್ನೂ ಬರೆದು ಎಣಿಸುವುದಕ್ಕೇ ಕೈಹಾಕುತ್ತಾರೆ. ಅವರು ಅರ್ಧ ಪುಟ ತುಂಬಿಸುವವರೆಗೆ ಸುಮ್ಮನಿದ್ದು, ಆಮೇಲೆ ಹೇಳುವುದು ನನ್ನ ರೂಢಿ. ಅಷ್ಟು ಕಷ್ಟವೇ ಬೇಡ. ಬಸವರಾಜ ಮುಂದಿರುವ ಪ್ರತಿಯೊಂದು ಸಾಲಿಗೂ ಅವರಿಬ್ಬರ ಜಾಗ ಅದಲುಬದಲಾದ ಇನ್ನೊಂದು ಸಾಲು ಇದ್ದೇ ಇರುತ್ತದೆ. ಅಂದಮೇಲೆ ಸರಿಯಾಗಿ ಅರ್ಧ, ಅರವತ್ತು. ಆಗ ಹಿಂದಿನ ಬೆಂಚಿನಿಂದಲೂ ಒಂದು ಸಣ್ಣ ‘ಹೌದಲ್ಲ’ ಕೇಳಿಬರುತ್ತದೆ. ನನ್ನ ನೌಕರಿಯಲ್ಲಿ ಸಂಬಳವಲ್ಲದೆ ಸಿಕ್ಕ ಸುಖವೆಂದರೆ ಆ ‘ಹೌದಲ್ಲ’.

ಕನ್ನಡ ವಿಭಾಗದ ನನ್ನ ಗೆಳತಿಯೊಬ್ಬಳು ಈ ವಿದ್ಯೆ ನಿಮ್ಮದಲ್ಲ, ನಮ್ಮದು ಎಂದು ಆಗಾಗ ಜಗಳ ತೆಗೆಯುತ್ತಾಳೆ. ಛಂದಸ್ಸಿನಲ್ಲಿ ಪ್ರಸ್ತಾರ ಎಂಬುದೊಂದಿದೆ. ಲಘು ಗುರುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂದು ಒಂದರ ಕೆಳಗೊಂದು ಹಾಸಿ ನೋಡುವ ಕ್ರಮ ಅದು. ಮೂರು ಅಕ್ಷರಕ್ಕೆ ಎಂಟು ಗಣ ಬರುತ್ತವೆ. ಆದರೆ ಇಂಥ ವೃತ್ತಕ್ಕೆ ಇಂಥ ಗಣವೇ ಮೊದಲು, ಇಂಥದ್ದು ಆಮೇಲೆ ಎಂದು ಕಟ್ಟು ಹಾಕಿದ ಮೇಲಷ್ಟೇ ಪದ್ಯ ನಡೆಯಲು ಕಲಿಯುತ್ತದೆ ಎಂದು ಅವಳು ವಿವರಿಸಿದಾಗ ನಾನು ಸೋಲೊಪ್ಪಿದೆ. ಷರತ್ತಿಲ್ಲದ ಜೋಡಣೆ ಬರಿಯ ಲೆಕ್ಕ. ಷರತ್ತು ಬಿದ್ದಾಗಲೇ ಅದಕ್ಕೊಂದು ಅಂದ ಎಂದು ನನಗೂ ಅನ್ನಿಸುತ್ತಿತ್ತು, ನನ್ನ ಮಗಳು ಸುಮಾಳ ಮದುವೆ ಗೊತ್ತಾಗುವವರೆಗೆ.

ಮದುವೆಯ ಮನೆಯಲ್ಲಿ ಷರತ್ತಿಗೆ ಬರವಿಲ್ಲ. ಲಗ್ನಪತ್ರಿಕೆಯ ಕೆಳಗೆ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದಕ್ಕೇ ಒಂದು ವಾರ ಹೋಯಿತು. ಅಕಾರಾದಿಯಲ್ಲಿ ಹಾಕಿಬಿಡೋಣ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಹಾಗೆ ಮಾಡಿದರೆ ಮನೆತನದ ಇನ್ನೂ ಹಲ್ಲು ಬಾರದ ಕೂಸು ಅಭಿಷೇಕ ಎಲ್ಲರಿಗಿಂತ ಮೇಲೆ ಬಂದು, ಮನೆಯ ಹಿರಿಯರು ಪತ್ರಿಕೆಯ ಅಂಚಿನಲ್ಲಿ ತೂಗಾಡುವಂತಾಯಿತು. ನನ್ನ ಸಲಹೆಯನ್ನು ಆಮೇಲೆ ಯಾವುದಕ್ಕೂ ಕೇಳಲಿಲ್ಲ. ಪತ್ರಿಕೆ ಹಂಚುವ ದಾರಿಯನ್ನು ಗೊತ್ತುಮಾಡುವ ಕೆಲಸ ಮಾತ್ರ ನನಗೇ ಬಿಟ್ಟರು.

ಐದು ಕಡೆ ಕೈಯಾರೆ ಕೊಡಬೇಕಿತ್ತು. ಬಸವನ ಬಾಗೇವಾಡಿಯಲ್ಲಿ ಬಸವಣ್ಣನ ಗುಡಿಗೆ. ಮುದ್ದೇಬಿಹಾಳದಲ್ಲಿ ನನ್ನ ಸೋದರಮಾವನಿಗೆ. ದೇವರ ಹಿಪ್ಪರಗಿಯಲ್ಲಿ ಚಿಗವ್ವನಿಗೆ, ಎಂದರೆ ನಮ್ಮ ಅವ್ವನ ತಂಗಿ ಗಂಗವ್ವನಿಗೆ. ಸಿಂದಗಿಯಲ್ಲಿ ನಮ್ಮ ಮನೆಯವರ ಅಕ್ಕನಿಗೆ, ಯಂಕಂಚಿಯಲ್ಲಿ ಅವರ ತಮ್ಮನಿಗೆ. ದೇವರಿಗೆ ಮೊದಲು ಎಂದರೆ ನೂರಾ ಇಪ್ಪತ್ತು ದಾರಿ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಮಾಮಾನಿಗೆ ಕೊಟ್ಟ ಮೇಲೇ ಚಿಗವ್ವನಿಗೆ ಎಂದಾಗ ಹನ್ನೆರಡು. ಅಕ್ಕನಿಗೆ ಕೊಟ್ಟ ಮೇಲೇ ತಮ್ಮನಿಗೆ ಎಂದಾಗ ಆರು. ಹಾಳೆಯ ಮೇಲೆ ಇದನ್ನು ಮಾಡಿ ತೋರಿಸಿ, ಆ ‘ಹೌದಲ್ಲ’ಕ್ಕಾಗಿ ನಮ್ಮ ಮನೆಯವರ ಮುಖ ನೋಡಿದೆ. ಅವರು ಕಾರಿನ ಚಾವಿ ತಿರುವುತ್ತ ನಿಂತಿದ್ದರು.

“ಲೆಕ್ಕ ಮುಗೀತಿಲ್ಲೊ? ಬಿಸಲ ಏರಾಕತ್ತೇತಿ. ಗಾಡಿ ಚಾಲೂ ಮಾಡ್ಲೇನು?”

ಮಾಮಾನಿಗೆ ಕೊಟ್ಟ ಮೇಲೇ ಚಿಗವ್ವನಿಗೆ ಎಂಬ ಷರತ್ತನ್ನು ಹಾಕಿದವಳು ಚಿಗವ್ವನೇ. ಹಿಂದಿನ ದಿನ ಫೋನ್ ಮಾಡಿ ಹೇಳಿದ್ದಳು. “ಮೊದಲ ಬಸವಣ್ಣಗ. ಆಮ್ಯಾಲ ಅಣ್ಣಗ. ಅಣ್ಣನ ಕೈ ಮುಟ್ಟಿದ ಮ್ಯಾಲ ನನ್ನ ಮನಿಗೆ ಬರ್ರಿ. ತಪ್ಪಸಬ್ಯಾಡ ನನ್ನವ್ವ.”

ಅವಳು ಹಾಗೇಕೆ ಹೇಳಿದಳೆಂಬುದಕ್ಕೆ ಹಳೆಯ ಕಥೆಯೊಂದಿದೆ. ಮುದ್ದೇಬಿಹಾಳದ ಆ ಮನೆಯಲ್ಲಿ ಮೂರು ಮಕ್ಕಳು. ಹಿರಿಯವನು ಮಾಮಾ, ಆಮೇಲೆ ನಮ್ಮವ್ವ, ಕಿರಿಯಳು ಚಿಗವ್ವ. ಹಿಪ್ಪರಗಿಯಿಂದ ಅವ್ವನನ್ನು ನೋಡಲು ಬಂದವರು, ತಟ್ಟೆಯಲ್ಲಿ ಅವಲಕ್ಕಿಯ ಚೂಡಾ ತಂದಿಟ್ಟು ಒಳಗೆ ಓಡಿದ ಚಿಗವ್ವನನ್ನು ನೋಡಿ ಅವಳನ್ನೇ ಕೇಳಿದರು. ಒಳ್ಳೆಯ ಮನೆತನ. ಅಜ್ಜ ಬಿಡಲಾರದೆ ಒಪ್ಪಿಕೊಂಡ. ಹಿರಿಯಳು ಮನೆಯಲ್ಲಿ ಉಳಿದಳು, ಕಿರಿಯಳು ಹೋದಳು. ಮುಂದೆ ಅವ್ವನಿಗೆ ಗಂಡು ನೋಡಲು ಹೋದಲ್ಲೆಲ್ಲ, ದೊಡ್ಡಾಕಿನ್ನ ಬಿಟ್ಟು ಸಣ್ಣಾಕಿನ್ನ ಯಾಕ ಕೊಟ್ರಿ ಎಂದೇ ಮೊದಲ ಪ್ರಶ್ನೆ. ಅವ್ವನ ಮದುವೆ ತಡವಾಯಿತು. ಆ ದಿನಗಳಲ್ಲಿ ಒಮ್ಮೆ ತವರಿಗೆ ಬಂದ ಚಿಗವ್ವನಿಗೆ ಮಾಮಾ ಒಂದು ಮಾತು ಅಂದನಂತೆ. “ನೀ ಮುಂದ ಹೋದಿ. ಅಕಿ ಹಿಂದ ಉಳದ್ಲು.”

ಅಷ್ಟೇ. ಆಮೇಲೆ ಅವ್ವನಿಗೂ ಒಳ್ಳೆಯ ಮನೆ ಸಿಕ್ಕಿತು, ನಾವು ಹುಟ್ಟಿದೆವು. ಅವ್ವ ಈ ವಿಷಯ ಬಂದಾಗಲೆಲ್ಲ, ಅವಳು ತಂದಿಟ್ಟ ಚೂಡಾ ಅಷ್ಟು ಚಲೋ ಇತ್ತು, ಹುಡುಗನ ತಪ್ಪೇನು ಎಂದು ನಗುತ್ತಿದ್ದಳು. ಚಿಗವ್ವ ಮಾತ್ರ ನಗಲಿಲ್ಲ. ಅಂದಿನಿಂದ ಅವಳು ಎಲ್ಲದರಲ್ಲೂ ಹಿಂದೆ ನಿಂತಳು. ತವರಿನಲ್ಲಿ ಸೀರೆ ಹಂಚಿದರೆ ಅವಳದು ಕಡೆಯದು. ಊಟಕ್ಕೆ ಕಡೆಯ ಪಂಕ್ತಿ. ಮನೆಯವರೆಲ್ಲ ಸೇರಿ ಫೋಟೋ ತೆಗೆಸಿಕೊಂಡಾಗ ಅವಳು ಯಾರದೋ ಭುಜದ ಹಿಂದೆ ಅರ್ಧ ಮುಖ. ಮಾಮಾನೂ ಅವಳೂ ಮಾತು ಬಿಟ್ಟಿರಲಿಲ್ಲ. ಹಬ್ಬಕ್ಕೆ ಕರೆಯುವುದು, ಹೋಗುವುದು ಎಲ್ಲ ನಡೆದೇ ಇತ್ತು. ಆದರೆ ಅವನೆದುರು ಅವಳು ಕುಳಿತದ್ದನ್ನು ನಾನು ಕಂಡವಳಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಮಾತಾಡುತ್ತಿದ್ದಳು.

ಇಂಥ ಚಿಗವ್ವ ಒಂದು ಕಡೆ ಮಾತ್ರ ಮುಂದೆ ಬರುತ್ತಿದ್ದಳು. ಅದು ಹಾಡಿನಲ್ಲಿ. ಸೋಬಾನೆ ಪದ ಹಾಡಲು ಹಿಪ್ಪರಗಿಯ ಸುತ್ತ ಅವಳಷ್ಟು ಕಂಠವಿದ್ದವರು ಇರಲಿಲ್ಲ. ಯಾರೇ ಲಗ್ನಪತ್ರಿಕೆ ತಂದುಕೊಟ್ಟರೂ ಅದನ್ನು ಕಣ್ಣಿಗೆ ಒತ್ತಿಕೊಂಡು, ನಿಂತಲ್ಲೇ ಎರಡು ನುಡಿ ಹಾಡಿ ಆಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಆ ನುಡಿಗಳಲ್ಲಿ ಮದುಮಗಳ ಹೆಸರು ಸೇರಿಕೊಂಡಿರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ನನಗೆ ತವರು ಎಂದರೆ ಆ ದನಿಯೇ. ಚಿಗವ್ವನನ್ನು ಆಯಿ ಎಂದು ಕರೆಯುವ ಸುಮಾ, ನಾವು ಹೊರಡುವಾಗ ನನಗೆ ತಾಕೀತು ಮಾಡಿದ್ದಳು. “ಅವ್ವ, ಆಯಿ ಹಾಡೂದು ಫೋನ್‌ನ್ಯಾಗ ರೆಕಾರ್ಡ್ ಮಾಡ್ಕೊಂಡ ಬಾ. ನನ್ನ ಹೆಸರ ಎಲ್ಲಿ ಕೂಡಸ್ತಾಳ ಕೇಳಬೇಕು.”

ಇಂಡಿಯಿಂದ ಬಾಗೇವಾಡಿಗೆ ನಾವು ಹಿಡಿದ ದಾರಿ ಹಿಪ್ಪರಗಿಯ ಮೇಲೆಯೇ ಹಾಯುತ್ತದೆ. ಚಿಗವ್ವನ ಮನೆ ರಸ್ತೆಯ ಮಗ್ಗುಲಲ್ಲೇ. ಅವಳಿಗೂ ನಾವು ಹಾಯುವುದು ಗೊತ್ತಿತ್ತು. ಬೇವಿನ ನೆರಳಲ್ಲಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ನಮ್ಮ ಮನೆಯವರು ಗಾಡಿ ನಿಲ್ಲಿಸಿ ಬಾಗಿಲು ತೆರೆಯಹೋದರು.

“ಇಳೀಬ್ಯಾಡ್ರಿ ಅಳಿಯಂದ್ರ. ಮನಿಯಾಗ ಬಂದು ಪತ್ರಿಕಿ ಕೊಡದ ಹೋಗಬಾರದು, ಕೊಟ್ರ ಅದೂ ತಪ್ಪು. ಇಲ್ಲೇ ಕುಡೀರಿ,” ಎಂದು ಕಿಟಕಿಯಿಂದಲೇ ತಂಬಿಗೆ ಕೊಟ್ಟಳು. ಇಂಗು ಕರಿಬೇವು ಹಾಕಿದ ಮಜ್ಜಿಗೆ.

“ಸುಮಾ ಹಾಡ ಕೇಳ್ಯಾಳ ಚಿಗವ್ವ. ಒಂದ ನುಡಿ ಹಾಡ್ತೀಯೇನು, ಇಲ್ಲೇ?” ಎಂದೆ.

“ಬರೇ ಕೈಲೆ ಏನ ಹಾಡಲೆವ್ವ? ಪತ್ರಿಕಿ ಬರ್ಲಿ. ಸಂಜೀಕ ಬರ್ತೀರಲ್ಲ, ಕೂಸಿನ ಹೆಸರ ಕೂಡಿಸಿ ಇಟ್ಟೇನಿ,” ಎಂದು ನಕ್ಕಳು. ಕೂಸು ಎಂದರೆ ನನ್ನ ಇಪ್ಪತ್ತಾರು ವರ್ಷದ ಮಗಳು.

ಬಾಗೇವಾಡಿಯಲ್ಲಿ ಬಸವಣ್ಣನ ಮುಂದೆ ಪತ್ರಿಕೆ ಇಟ್ಟು, ಅಲ್ಲಿಂದ ಮುದ್ದೇಬಿಹಾಳ ಮುಟ್ಟಿದಾಗ ಮಾಮಾ ಮನೆಯಲ್ಲಿ ಇರಲಿಲ್ಲ. ಆಲಮಟ್ಟಿಯಲ್ಲಿ ಅವನ ಅಳಿಯನಿಗೆ ಕಾಲುವೆಯ ಆಫೀಸಿನಲ್ಲಿ ಕೆಲಸ. ಮೊಮ್ಮಗಳಿಗೆ ಜ್ವರವೆಂದು ಮಗಳು ಕರೆದದ್ದಕ್ಕೆ ಬೆಳಿಗ್ಗೆ ಎದ್ದು ಹೋಗಿದ್ದನಂತೆ. ನಾವು ಬರುವುದನ್ನು ಮರೆತೇ ಹೋಗಿದ್ದ. ಫೋನ್ ಹತ್ತಲಿಲ್ಲ. ಪತ್ರಿಕೆಯನ್ನು ಅತ್ತೆಯ ಕೈಗೆ ಕೊಡಹೋದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಅವರು ಬರ್ಲಿ. ತಂಗಿ ಮಗಳು ತನ್ನ ಮಗಳ ಪತ್ರಿಕಿ ತಂದಾಳ, ನಾ ಇಸ್ಕೊಂಡ್ರ ಸರಿ ಕಾಣೂದಿಲ್ಲ. ಮತ್ತೊಮ್ಮೆ ಬರ್ರಿ, ಉಣ್ಣಾಕ ಏಳ್ರಿ ಈಗ.”

ಉಂಡು ತಾಳಿಕೋಟೆಯ ದಾರಿ ಹಿಡಿದೆವು. ನನ್ನ ಆರು ದಾರಿಗಳೂ ಮಾಮಾನ ಹೊಸ್ತಿಲಲ್ಲೇ ಕಟ್ಟಿಬಿದ್ದಿದ್ದವು. ತಾಳಿಕೋಟೆಯಲ್ಲಿ ಒಂದು ದಾರಿ ಹಿಪ್ಪರಗಿಗೆ, ಇನ್ನೊಂದು ಕಲಕೇರಿಯ ಮೇಲೆ ಸಿಂದಗಿಗೆ. ನಮ್ಮ ಮನೆಯವರು ಗಾಡಿ ನಿಲ್ಲಿಸಿ ಹೇಳಿದರು. “ಚಿಗವ್ವಗ ಕೊಟ್ಟ ಬಿಡೂಣು. ಮಾಮಾಗ ಯಾರು ಹೇಳತಾರ?”

ನನಗೂ ಹಾಗೇ ಅನ್ನಿಸಿತ್ತು. ಚಿಗವ್ವನಿಗೇ ಫೋನ್ ಮಾಡಿ ಕೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಬ್ಯಾಡವ್ವ. ಒಮ್ಮೆ ಮುಂದ ಹೋಗಿ ನೋಡೇನಿ, ಸಾಕಾಗೇತಿ. ಮತ್ತ ಅಣ್ಣನ ಬಾಯಿಲೆ ಅನ್ನಿಸ್ಕೊಳ್ಳಾಕ ನನಗ ಶಕ್ತಿ ಇಲ್ಲ. ಮುಂದಿನ ಐತವಾರ ಬರ್ರಿ. ನಾ ಎಲ್ಲಿ ಓಡಿ ಹೋಗಾಕತ್ತೇನಿ?”

ಹೌದಲ್ಲ ಎಂದುಕೊಂಡೆ. ಕಲಕೇರಿಯ ಮೇಲೆ ಹಾಯ್ದು ಸಿಂದಗಿಗೆ ಹೋದೆವು, ಅಲ್ಲಿಂದ ಯಂಕಂಚಿಗೆ. ಅಕ್ಕ ಮೊದಲು, ತಮ್ಮ ಆಮೇಲೆ. ಅಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಯಂಕಂಚಿಯ ತಮ್ಮ ಹೊಲದಲ್ಲಿದ್ದ, ಪತ್ರಿಕೆಯನ್ನು ಬಾವಿಯ ದಂಡೆಯ ಮೇಲೆ ನಿಂತೇ ತೆಗೆದುಕೊಂಡ.

ಮುಂದಿನ ಭಾನುವಾರ ವಿಜಯಪುರದಲ್ಲಿ ಬೇರೆ ಕೆಲಸವಿದ್ದುದರಿಂದ ಅದರ ಮೇಲೆ ಹಾಯ್ದು ಮುದ್ದೇಬಿಹಾಳ ಮುಟ್ಟಿದೆವು. ಮಾಮಾ ಅಂಗಳದಲ್ಲೇ ಇದ್ದ. ಬಿಳಿ ಧೋತರ ಉಟ್ಟು, ಹಿಂದಿನ ಬಾರಿ ತಪ್ಪಿಸಿಕೊಂಡದ್ದಕ್ಕೆ ತಾನೇ ನಾಚಿಕೊಂಡು, ಪತ್ರಿಕೆಯನ್ನು ಎರಡೂ ಕೈಯಿಂದ ಇಸಿದುಕೊಂಡ. ಓದಿದ. ಆಮೇಲೆ ಕೇಳಿದ, “ಗಂಗಾ ಏನಂದ್ಲು ಪತ್ರಿಕಿ ನೋಡಿ? ಹಾಡಿರಬೇಕಲ್ಲ?”

“ಅಕಿಗಿ ಇನ್ನ ಕೊಟ್ಟಿಲ್ಲರಿ ಮಾಮಾ. ನಿಮಗ ಮೊದಲ ಕೊಡಬೇಕಂದ್ಲು.”

“ಯಾಕ? ಅಕಿ ಮನಿ ದಾರಿ ಮ್ಯಾಲ ಐತಿ. ಅದನ್ನ ದಾಟಿ ನನ್ನ ಹುಡುಕ್ಕೊಂಡ ಬಂದ್ರೇನು?”

ನಾನು ಹೇಳಬಾರದಿತ್ತೋ ಏನೋ. ಆದರೆ ಅವನ ಮುಖದಲ್ಲಿ ನಿಜವಾದ ಆಶ್ಚರ್ಯ ಕಂಡು, ಅವನು ಹಿಂದೆ ಆಡಿದ ಆ ಮಾತನ್ನು ಹೇಳಿಬಿಟ್ಟೆ. ಮಾಮಾ ಕೇಳಿಸಿಕೊಂಡ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ.

“ನಾ ಅಂದಿದ್ನೇನು ಹಂಗ?” ಎಂದ. “ನನಗ ನೆನಪ ಇಲ್ಲಲ್ಲ ನನ್ನವ್ವ. ಖರೇ ನೆನಪ ಇಲ್ಲ.” ಕನ್ನಡಕವನ್ನು ಮತ್ತೆ ಏರಿಸಿಕೊಂಡು ಹೇಳಿದ. “ಅಂದಿರ್ತೇನಿ. ಸಣ್ಣ ವಯಸ್ಸು, ಮನಿಯಾಗ ದಿನಾ ಅದ ಮಾತು. ಬಾಯಿಗೆ ಬಂದದ್ದು ಅಂದಿರ್ತೇನಿ. ಅಕಿ ಅದಕ್ಕ ನನ್ನ ಮುಂದ ಕುಂಡ್ರೂದಿಲ್ಲೇನು? ನಾ ಅಕಿ ಸ್ವಭಾವನ ಹಂಗ ಅನಕೊಂಡಿದ್ದೆ.”

ಪರೀಕ್ಷೆಯಲ್ಲಿ ಕೆಲವು ಮಕ್ಕಳು ಒಂದು ತಪ್ಪು ಮಾಡುತ್ತಾರೆ. ಪ್ರಶ್ನೆಯಲ್ಲಿ ಇಲ್ಲದ ಷರತ್ತನ್ನು ತಾವೇ ಇದೆಯೆಂದು ಓದಿಕೊಂಡು, ಬಹಳ ಶ್ರದ್ಧೆಯಿಂದ, ಒಂದೂ ಹೆಜ್ಜೆ ತಪ್ಪದೆ ಲೆಕ್ಕ ಮಾಡಿ ಬೇರೆಯದೇ ಉತ್ತರ ತರುತ್ತಾರೆ. ಅಂಥ ಉತ್ತರಪತ್ರಿಕೆಗೆ ಅಂಕ ಕೊಡುವುದು ಕಷ್ಟ, ಕೊಡದಿರುವುದೂ ಕಷ್ಟ. ಇಷ್ಟು ಚೆನ್ನಾಗಿ ಮಾಡಿದ್ದಾನಲ್ಲ, ಪ್ರಶ್ನೆಯನ್ನು ಇನ್ನೊಮ್ಮೆ ಓದಬಾರದಿತ್ತೆ ಎಂದು ಕೆಂಪು ಪೆನ್ನು ಹಿಡಿದು ಕುಳಿತುಬಿಡುತ್ತೇನೆ. ಚಿಗವ್ವ ಬದುಕಿಡೀ ಮಾಡಿದ ಲೆಕ್ಕ ಅಂಥದ್ದು. ಅದರಲ್ಲಿ ಅವಳೊಬ್ಬಳದೇ ತಪ್ಪೇನೂ ಇರಲಿಲ್ಲ. ಪ್ರಶ್ನೆ ಹಾಕಿದವನು ಹಾಕಿದ್ದನ್ನೇ ಮರೆತಿದ್ದ.

“ನಡೀರಿ, ನಾನೂ ಬರ್ತೇನಿ,” ಎಂದು ಮಾಮಾ ಎದ್ದ. “ನಾನ ಅಕಿ ಕೈಯಾಗ ಪತ್ರಿಕಿ ಕೊಡಸ್ತೇನಿ.”

ದಾರಿಯುದ್ದಕ್ಕೂ ಮಾಮಾ ಗೆಲುವಾಗಿದ್ದ. ಚಿಗವ್ವ ಚಿಕ್ಕವಳಿದ್ದಾಗ ಬೀಸುವ ಕಲ್ಲಿನ ಮುಂದೆ ಅಜ್ಜಿಯ ತೊಡೆಯ ಮೇಲೆ ಮಲಗಿ ಹಾಡು ಕಲಿತದ್ದು, ಶಾಲೆಯಲ್ಲಿ ಪ್ರಾರ್ಥನೆ ಹಾಡಲು ಮೇಜಿನ ಮೇಲೆ ನಿಲ್ಲಿಸುತ್ತಿದ್ದದ್ದು ಎಲ್ಲವನ್ನೂ ಹೇಳಿದ. ಇದನ್ನೆಲ್ಲ ಅವಳೆದುರೇ ಹೇಳಿಸಬೇಕು ಎಂದುಕೊಂಡೆ. ಫೋನ್ ತೆಗೆದು, ರೆಕಾರ್ಡ್ ಮಾಡಲು ಜಾಗವಿದೆಯೇ ಎಂದು ನೋಡಿಕೊಂಡೆ.

ಹಿಪ್ಪರಗಿಯ ಮನೆಗೆ ಬೀಗ ಹಾಕಿತ್ತು. ಗಾಡಿಯ ಸದ್ದಿಗೆ ಮಗ್ಗುಲ ಮನೆಯ ಹೆಣ್ಣುಮಗಳು ಹೊರಗೆ ಬಂದಳು.

“ನಿಮಗ ಹೇಳಿಲ್ಲೇನ್ರಿ? ಗಂಗಕ್ಕಗ ಶುಕ್ರವಾರ ಲಕ್ವಾ ಹೊಡೀತ್ರಿ. ವಿಜಾಪುರ ದವಾಖಾನ್ಯಾಗ ಅದಾರ. ಲಗ್ನದ ಮನಿಯವರಿಗೆ ಈಗ ಹೇಳೂದು ಬ್ಯಾಡ ಅಂತ ಮಗ ಸುಮ್ಮನಾಗ್ಯಾನ.”

ಅದೇ ವಿಜಯಪುರದ ಮೇಲೆ ನಾವು ಬೆಳಿಗ್ಗೆ ಹಾಯ್ದು ಹೋಗಿದ್ದೆವು. ಮತ್ತೆ ಅಲ್ಲಿಗೇ ಗಾಡಿ ತಿರುಗಿತು.

ಚಿಗವ್ವನಿಗೆ ಎಚ್ಚರವಿತ್ತು. ನಮ್ಮನ್ನು ಗುರುತಿಸಿದಳು. ಬಲಗೈ ಹಾಸಿಗೆಯ ಮೇಲೆ ತನ್ನದಲ್ಲವೆಂಬಂತೆ ಬಿದ್ದಿತ್ತು. ಬಾಯಿಂದ ಒಂದು ಸ್ವರ ಮಾತ್ರ ಬರುತ್ತಿತ್ತು. ಅದು ಏನು ಹೇಳಬಯಸಿದರೂ ಒಂದೇ ಸ್ವರ. ಮಾತು ಮರಳಬಹುದು, ಮರಳದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆಂದು ಅವಳ ಸೊಸೆ ಕಸ್ತೂರಿ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಚೀಲದಿಂದ ಪತ್ರಿಕೆ ತೆಗೆದು ಅರಿಷಿಣ ಕುಂಕುಮ ಹಚ್ಚಿ ಮುಂದೆ ಹಿಡಿದೆ. ಅವಳು ಎಡಗೈ ಎತ್ತಿದಳು. ಆದರೆ ಪತ್ರಿಕೆಯನ್ನು ಹಿಡಿಯಲಿಲ್ಲ. ಅದನ್ನು ನಿಧಾನವಾಗಿ ಮಾಮಾನ ಕಡೆಗೆ ಸರಿಸಿದಳು.

“ನನಗ ಬಂದೈತಿ ಗಂಗಾ,” ಎಂದ ಮಾಮಾ. “ಮುಂಜಾನೇನ ಬಂದೈತಿ. ನಿಂದ ಇದು. ತಗೋ.”

ಆಗ ತೆಗೆದುಕೊಂಡಳು. ಎಡಗೈಯಲ್ಲಿ ಏನನ್ನೂ ಕೊಡಬಾರದು, ಇಸಿದುಕೊಳ್ಳಬಾರದು ಎಂದು ನಮಗೆಲ್ಲ ಕಲಿಸಿದವಳು ಎಡಗೈಯಲ್ಲೇ ಪತ್ರಿಕೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ತುಟಿ ಅಲುಗಿತು. ಆ ಒಂದು ಸ್ವರ ಬಂತು, ನಿಂತಿತು. ನನ್ನ ಮಗಳ ಹೆಸರನ್ನು ಅವಳು ಎಲ್ಲಿ ಕೂಡಿಸಿಟ್ಟಿದ್ದಳೆಂಬುದು ನಮಗೆ ತಿಳಿಯಲಿಲ್ಲ.

ಸುಮಾಳ ಮದುವೆ ಆಯಿತು. ಚಿಗವ್ವನಿಗೆ ಬರಲಾಗಲಿಲ್ಲ. ಅರಿಷಿಣ ಹಚ್ಚುವಾಗ ಯಾರೋ ಸ್ಪೀಕರಿನಲ್ಲಿ ಸೋಬಾನೆ ಹಾಕಿದರು. ಹಾಡು ಚೆನ್ನಾಗಿಯೇ ಇತ್ತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಆದ್ದರಿಂದ ಯಾರ ಮದುವೆಗೂ ಒಪ್ಪುವಂತಿತ್ತು.

ಶಾಸ್ತ್ರಗಳೆಲ್ಲ ಮುಗಿದ ಮೇಲೆ ಮಗಳು ಅಳಿಯನನ್ನು ಕರೆದುಕೊಂಡು ಹಿಪ್ಪರಗಿಗೆ ಹೋದೆವು. ಚಿಗವ್ವನನ್ನು ಅಷ್ಟರಲ್ಲಿ ಮನೆಗೆ ಕರೆತಂದಿದ್ದರು. ಮಾಮಾ ನಮಗಿಂತ ಮೊದಲೇ ಬಂದು ಅವಳ ಮಗ್ಗುಲಲ್ಲಿ ಕುಳಿತಿದ್ದ. ಈಗ ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಾನಂತೆ. ಚಿಗವ್ವನೂ ಗೋಡೆಗೆ ಆನಿಕೊಂಡು ಕುಳಿತಿದ್ದಳು, ಅಣ್ಣನೆದುರು. ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುವ ಹಾಗಿದ್ದರೆ ನಿಲ್ಲುತ್ತಿದ್ದಳೋ ಏನೋ.

“ಯಾರಂದ್ರು ನಿನಗ, ನನಗ ಸಿಟ್ಟ ಐತಿ ಅಂತ?” ಎಂದು ಮಾಮಾ ಕೇಳುತ್ತಿದ್ದ. ಮೊದಲ ಸಲ ಕೇಳುತ್ತಿರುವಂತಿರಲಿಲ್ಲ. “ಒಂದ ಸಲ ಆದ್ರೂ ಕೇಳಬೇಕಿಲ್ಲೊ ನನ್ನ? ನಾನಾದ್ರೂ ಕೇಳಬೇಕಿತ್ತು.”

ಚಿಗವ್ವ ಅವನನ್ನೇ ನೋಡುತ್ತಿದ್ದಳು. ಅವಳ ಬಳಿ ಉತ್ತರ ಇದ್ದಿರಬೇಕು. ಅಷ್ಟು ವರ್ಷದ ಉತ್ತರ. ಮಾತಿದ್ದಾಗ ಇಬ್ಬರೂ ಹಬ್ಬದ ಹೋಳಿಗೆಯ ಬಗ್ಗೆ, ತೊಗರಿಯ ಬೆಲೆಯ ಬಗ್ಗೆ ಮಾತಾಡಿದ್ದರು.

ಕಸ್ತೂರಿ ಚಹಾ ತಂದಳು. ಮಾಮಾನ ಮುಂದೆ ಹಿಡಿದರೆ ಅವನು ಚಿಗವ್ವನ ಕಡೆ ಕೈ ತೋರಿಸಿದ. ಚಿಗವ್ವನ ಮುಂದೆ ಹಿಡಿದರೆ ಅವಳು ಎಡಗೈಯನ್ನು ಅವನ ಕಡೆ ಚಾಚಿದಳು. ಮತ್ತೆ ಅವನು. ಮತ್ತೆ ಅವಳು. ಅಳಿಯ ಹೊಸಬ, ಇದೇನೋ ಶಾಸ್ತ್ರವಿರಬೇಕೆಂದು ಗಂಭೀರವಾಗಿ ನೋಡುತ್ತಿದ್ದ. ಕಸ್ತೂರಿ ಒಂದು ಗಳಿಗೆ ನಿಂತಳು. ಆಮೇಲೆ ತಟ್ಟೆಯನ್ನು ನೆಲದ ಮೇಲಿಟ್ಟು, ಒಂದೊಂದು ಕೈಯಲ್ಲಿ ಒಂದೊಂದು ಕಪ್ಪು ಹಿಡಿದು, ಇಬ್ಬರಿಗೂ ಒಟ್ಟಿಗೇ ಕೊಟ್ಟಳು.

ಒಂದೇ ಜಾಗದಲ್ಲಿ ಇಬ್ಬರನ್ನು ಕೂರಿಸಲು ನಮ್ಮ ಪಾಠದಲ್ಲಿ ಅವಕಾಶವಿಲ್ಲ. ಇಷ್ಟೇ ಆಗಿತ್ತಲ್ಲ, ಇದು ನಮ್ಮ ಮನೆಯಲ್ಲಿ ಯಾರಿಗಾದರೂ ಮೊದಲೇ ಹೊಳೆಯಬಾರದಿತ್ತೆ ಎಂದುಕೊಂಡೆ. ಚಿಗವ್ವನ ಎಡಗೈಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಕಪ್ಪು ನಡುಗಿ ಚಹಾ ತುಳುಕಿತು. ಮಾಮಾ ತನ್ನ ಕಪ್ಪನ್ನು ಬದಿಗಿಟ್ಟು, ಅದರಡಿಯ ಬಸಿಯನ್ನು ಅವಳ ಗಲ್ಲದ ಕೆಳಗೆ ಹಿಡಿದುಕೊಂಡ. ಅವಳು ಕುಡಿದು ಮುಗಿಸುವವರೆಗೂ ಹಿಡಿದೇ ಇದ್ದ.